ಚಾರ್ಜರ್ ಚಿಕ್ಕದಾದ ದೊಡ್ಡ ಕಥೆ

2014ರಲ್ಲಿ ಗೂಗಲ್ ಕಂಪನಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವಾದ ಐಇಇಇ ಜೊತೆ ಸೇರಿ ಹತ್ತು ಲಕ್ಷ ಡಾಲರ್ ಬಹುಮಾನದ ಸ್ಪರ್ಧೆಯೊಂದನ್ನು ಘೋಷಿಸಿತು. ಹೊಸ ಬಗೆಯ ಫೋನನ್ನೋ ಕಂಪ್ಯೂಟರನ್ನೋ ಮಾಡಿ ತನ್ನಿ ಎಂದು ಅದು ಕೇಳಲಿಲ್ಲ. ಕೇಳಿದ್ದು ಇನ್ವರ್ಟರ್! ಕರೆಂಟು ಹೋದೊಡನೆ ಮನೆಯ ದೀಪ, ಫ್ಯಾನುಗಳನ್ನು ಕೈಗೆತ್ತಿಕೊಳ್ಳುವ, ಮೆಟ್ಟಿಲ ಕೆಳಗೆಲ್ಲೋ ಕೂತು ಗುಂಯ್‌ಗುಡುವ ಪೆಟ್ಟಿಗೆಯ ಜಾತಿಯದೇ. ಸೋಲಾರ್ ಫಲಕದಿಂದ ಬರುವಂಥ ನೇರ ವಿದ್ಯುತ್ತನ್ನು ಅದು ಮನೆಬಳಕೆಯ ಪರ್ಯಾಯ ವಿದ್ಯುತ್ತಾಗಿ ಬದಲಿಸಬೇಕಿತ್ತು. ಷರತ್ತು ಇದ್ದದ್ದು ಗಾತ್ರದಲ್ಲಿ. ಎರಡು ಕಿಲೋವಾಟ್ ಹೊರೆ ಹೊರಬೇಕು, ಆದರೆ ಇಡೀ ಪೆಟ್ಟಿಗೆ 40 ಘನ ಇಂಚು ಮೀರಬಾರದು. ನಮ್ಮ ಲೆಕ್ಕದಲ್ಲಿ ಮುಕ್ಕಾಲು ಲೀಟರಿಗೂ ಕಡಿಮೆ. ಹೊರಮೈ 60 ಡಿಗ್ರಿ ಸೆಲ್ಸಿಯಸ್ ದಾಟುವಂತಿಲ್ಲ. ಕೊನೆಯ ಸುತ್ತಿಗೆ ಆಯ್ಕೆಯಾದ 18 ತಂಡಗಳು ತಮ್ಮ ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ಕೊಲರಾಡೊಗೆ ಹೋಗಬೇಕಿತ್ತು. ಅಲ್ಲಿನ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದಲ್ಲಿ ನೂರು ಗಂಟೆಗಳ ಪರೀಕ್ಷೆ.

2016ರಲ್ಲಿ ಗೆದ್ದವರ ಹೆಸರು ಹೊರಬಿತ್ತು: ಬೆಲ್ಜಿಯಂನ ‘ರೆಡ್ ಎಲೆಕ್ಟ್ರಿಕಲ್ ಡೆವಿಲ್ಸ್’. ಅವರ ಇನ್ವರ್ಟರ್ ಪ್ರತಿ ಘನ ಇಂಚಿಗೆ 143 ವಾಟ್ ಕೊಡುತ್ತಿತ್ತು. ಸ್ಪರ್ಧೆ ಕೇಳಿದ್ದು 50 ವಾಟ್. ಎರಡು ಕಿಲೋವಾಟಿನ ಯಂತ್ರ ಕಾಲು ಲೀಟರಿಗಿಂತ ಕಡಿಮೆ ಜಾಗದಲ್ಲಿ ಕೂತಿತ್ತು. ಜಾಣ ವಿನ್ಯಾಸದ ಪಾಲು ಅದರಲ್ಲಿ ದೊಡ್ಡದೇ. ಆದರೆ ಪೆಟ್ಟಿಗೆಯೊಳಗಿನ ಟ್ರಾನ್ಸಿಸ್ಟರುಗಳು ಸಿಲಿಕಾನಿನವಾಗಿರಲಿಲ್ಲ ಎಂಬುದು ಮುಖ್ಯ. ಅವು ಗ್ಯಾಲಿಯಂ ನೈಟ್ರೈಡ್ ಎಂಬ ಹರಳಿನವು. ಎಂಜಿನಿಯರುಗಳ ಬಾಯಲ್ಲಿ ಚಿಕ್ಕದಾಗಿ ‘ಗ್ಯಾನ್’.

ಎಲೆಕ್ಟ್ರಾನಿಕ್ಸ್ ಎಂದೊಡನೆ ಪತ್ರಿಕೆಗಳು ಪ್ರೊಸೆಸರುಗಳ ಬಗ್ಗೆ, ಮೂರು ನ್ಯಾನೊಮೀಟರ್, ಎರಡು ನ್ಯಾನೊಮೀಟರ್ ಎಂಬ ಪೈಪೋಟಿಯ ಬಗ್ಗೆ ಬರೆಯುತ್ತವೆ. ಆ ಗದ್ದಲದಲ್ಲಿ ಕಾಣದೆ ಹೋಗುವ ಇನ್ನೊಂದು ಬದಲಾವಣೆ ಕರೆಂಟನ್ನು ಹರಿಸುವ, ನಿಲ್ಲಿಸುವ ಸ್ವಿಚ್ಚುಗಳಲ್ಲಿ ನಡೆಯುತ್ತಿದೆ. ಲೆಕ್ಕ ಮಾಡುವ ಚಿಪ್ಪಿಗಿರುವ ಮೆರುಗು ಅದಕ್ಕಿಲ್ಲ. ಜನರ ಕೈಗೆ ಅದು ಮೊದಲು ಬಂದದ್ದೂ ಫೋನ್ ಚಾರ್ಜರಿನ ರೂಪದಲ್ಲಿ. 2018ರಲ್ಲಿ ಆ್ಯಂಕರ್ ಕಂಪನಿ ಗ್ಯಾನ್ ಚಾರ್ಜರ್ ತೋರಿಸಿತು, 2020ರಲ್ಲಿ ಶಿಯೋಮಿ 65 ವಾಟಿನದನ್ನು ತಂದಿತು, ಮರುವರ್ಷ ಆ್ಯಪಲ್ ತನ್ನ 140 ವಾಟಿನ ಲ್ಯಾಪ್‌ಟಾಪ್ ಚಾರ್ಜರಿಗೂ ಅದನ್ನೇ ಹಾಕಿತು. ಇಂದು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲೂ ‘ಗ್ಯಾನ್’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ಡಬ್ಬಿಗಳಿವೆ. ಹಾಗೆ ಅಚ್ಚಾದುದರ ಒಳಗೂ ಹೆಚ್ಚಿನದೆಲ್ಲ ತಾಮ್ರ, ಫೆರೈಟ್, ಸಿಲಿಕಾನುಗಳೇ. ಗ್ಯಾನ್ ಇರುವುದು ಒಂದೆರಡು ಸ್ವಿಚ್ಚುಗಳಲ್ಲಿ ಮಾತ್ರ. ಅಷ್ಟಕ್ಕೇ ಚಾರ್ಜರ್ ಕುಗ್ಗುವುದು ಹೇಗೆ?

ಚಾರ್ಜರಿನ ಕೆಲಸ ಹೇಳಲು ಸುಲಭ: ಗೋಡೆಯ ಪ್ಲಗ್ಗಿನಲ್ಲಿ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 5, 9 ಅಥವಾ 20 ವೋಲ್ಟಿನ ನೇರ ವಿದ್ಯುತ್ತಾಗಿ ಇಳಿಸುವುದು. ಟೇಪ್ ರೆಕಾರ್ಡರಿನ ಕಾಲದಲ್ಲಿ ಈ ಕೆಲಸವನ್ನು ಕಬ್ಬಿಣದ ತಗಡು, ತಾಮ್ರದ ಸುರುಳಿಗಳ ಭಾರದ ಟ್ರಾನ್ಸ್‌ಫಾರ್ಮರ್ ಮಾಡುತ್ತಿತ್ತು. ಸೆಕೆಂಡಿಗೆ 50 ಆವರ್ತನದ ಕರೆಂಟನ್ನು ಅದು ಬಂದಂತೆಯೇ ತೆಗೆದುಕೊಂಡು ಇಳಿಸುತ್ತಿತ್ತು. ಈಗಿನ ಚಾರ್ಜರ್ ಹಾಗಲ್ಲ. ಮೊದಲು ಅದು ಪರ್ಯಾಯವನ್ನು ನೇರ ಮಾಡಿಕೊಳ್ಳುತ್ತದೆ. ಆಮೇಲೆ ಒಂದು ಟ್ರಾನ್ಸಿಸ್ಟರ್ ಆ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಪುಟ್ಟ ಟ್ರಾನ್ಸ್‌ಫಾರ್ಮರಿಗೆ ತುಣುಕು ತುಣುಕಾಗಿ ಕೊಡುತ್ತದೆ. ಬಾವಿಕಟ್ಟೆಯಿಂದ ನೀರು ತಂದು ಬಚ್ಚಲ ಹಂಡೆ ತುಂಬಿಸುವವರು ನಿಧಾನ ನಡೆಯುವವರಾದರೆ ದೊಡ್ಡ ಕೊಡವೇ ಬೇಕು. ಓಡಾಟ ಚುರುಕಾದರೆ ಚೊಂಬಿನಲ್ಲೂ ಅಷ್ಟೇ ಹೊತ್ತಿಗೆ ಹಂಡೆ ತುಂಬುತ್ತದೆ. ಇಲ್ಲಿ ಕೊಡವೋ ಚೊಂಬೋ ಆಗುವುದು ಟ್ರಾನ್ಸ್‌ಫಾರ್ಮರ್, ಕೆಪಾಸಿಟರುಗಳು. ಟ್ರಾನ್ಸಿಸ್ಟರ್ ವೇಗವಾಗಿ ಕತ್ತರಿಸಿದಷ್ಟೂ ಅವುಗಳ ಗಾತ್ರ ಇಳಿಯುತ್ತದೆ.

ಹಾಗಾದರೆ ಸಿಲಿಕಾನನ್ನೇ ಇನ್ನಷ್ಟು ವೇಗವಾಗಿ ಓಡಿಸಬಾರದೇಕೆ? ಓಡಿಸಬಹುದು, ಆದರೆ ಬಿಸಿಯಾಗುತ್ತದೆ. ಸ್ವಿಚ್ ತೆರೆದು ಮುಚ್ಚುವ ಪ್ರತಿ ಸಲವೂ ಒಂದಿಷ್ಟು ಶಕ್ತಿ ಶಾಖವಾಗಿ ಸೋರುತ್ತದೆ. ಸೆಕೆಂಡಿಗೆ ಲಕ್ಷ ಸಲದ ಆಸುಪಾಸಿಗೆ ಬರುವಷ್ಟರಲ್ಲಿ ಮಾಮೂಲಿ ಸಿಲಿಕಾನ್ ಚಾರ್ಜರಿನಲ್ಲಿ ಆ ಶಾಖವನ್ನು ಹೊರಹಾಕುವುದೇ ದೊಡ್ಡ ತಲೆನೋವು. ಗ್ಯಾನ್ ಸ್ವಿಚ್ಚುಗಳು ಸೆಕೆಂಡಿಗೆ ಹಲವು ಲಕ್ಷ ಸಲ ಕತ್ತರಿಸಿಯೂ ತಣ್ಣಗಿರಬಲ್ಲವು.

ಈ ಗುಣದ ಬೇರು ಹರಳಿನ ಒಳಗಿದೆ. ಅರೆವಾಹಕದಲ್ಲಿ ಪರಮಾಣುಗಳಿಗೆ ಕಟ್ಟುಬಿದ್ದ ಎಲೆಕ್ಟ್ರಾನನ್ನು ಬಿಡಿಸಿ ಓಡಾಡಿಸಲು ಇಂತಿಷ್ಟು ಶಕ್ತಿ ಬೇಕು. ಅದಕ್ಕೆ ಬ್ಯಾಂಡ್ ಗ್ಯಾಪ್ ಎನ್ನುತ್ತಾರೆ. ಸಿಲಿಕಾನಿನಲ್ಲಿ ಅದು 1.1 ಎಲೆಕ್ಟ್ರಾನ್ ವೋಲ್ಟ್, ಗ್ಯಾಲಿಯಂ ನೈಟ್ರೈಡಿನಲ್ಲಿ 3.4. ಎಲೆಕ್ಟ್ರಾನನ್ನು ಕೀಳುವುದು ಕಷ್ಟ ಎಂದರೆ ಆ ಹರಳು ಹೆಚ್ಚು ವೋಲ್ಟೇಜನ್ನು ಸೀಳದೆ ತಡೆದುಕೊಳ್ಳುತ್ತದೆ ಎಂದು ಅರ್ಥ. ಸಿಲಿಕಾನಿಗಿಂತ ಸರಿಸುಮಾರು ಹತ್ತು ಪಟ್ಟು ಬಲವಾದ ವಿದ್ಯುತ್ ಕ್ಷೇತ್ರವನ್ನು ಗ್ಯಾನ್ ತಾಳುತ್ತದೆ. ಆದ್ದರಿಂದ ಅಷ್ಟೇ ವೋಲ್ಟೇಜಿಗೆ ಸ್ವಿಚ್ಚನ್ನು ತೀರಾ ಕಿರಿದಾಗಿ ಮಾಡಬಹುದು. ಎಲೆಕ್ಟ್ರಾನ್ ಸಾಗಬೇಕಾದ ಹಾದಿ ಚಿಕ್ಕದಾದಷ್ಟೂ ತಡೆ ಕಡಿಮೆ, ಸೋರಿಕೆಯೂ ಕಡಿಮೆ.

ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿದೆ. ಗ್ಯಾಲಿಯಂ ನೈಟ್ರೈಡಿನ ಮೇಲೆ ಅಲ್ಯುಮಿನಿಯಂ ಬೆರೆತ ಗ್ಯಾಲಿಯಂ ನೈಟ್ರೈಡಿನ ತೆಳು ಪದರ ಬೆಳೆಸಿದರೆ, ಎರಡೂ ಕೂಡುವ ಗಡಿಯಲ್ಲಿ ಎಲೆಕ್ಟ್ರಾನುಗಳು ತಾವಾಗಿಯೇ ಒಟ್ಟುಗೂಡಿ ಹಾಳೆಯಂತೆ ಹರಡಿಕೊಳ್ಳುತ್ತವೆ. ಸಿಲಿಕಾನಿನಲ್ಲಿ ಎಲೆಕ್ಟ್ರಾನ್ ಬೇಕೆಂದರೆ ಹೊರಗಿನ ಧಾತುವಿನ ಕಲಬೆರಕೆ ಮಾಡಬೇಕು. ಆ ಕಲಬೆರಕೆಯ ಕಣಗಳೇ ಮುಂದೆ ಎಲೆಕ್ಟ್ರಾನಿನ ದಾರಿಗೆ ಅಡ್ಡ ಬರುತ್ತವೆ. ಗ್ಯಾನ್‌ನಲ್ಲಿ ಆ ಗೊಡವೆಯಿಲ್ಲ, ಹರಳಿನೊಳಗಿನ ಧ್ರುವೀಕರಣವೇ ಎಲೆಕ್ಟ್ರಾನುಗಳನ್ನು ಎಳೆದು ತರುತ್ತದೆ. ಚದರ ಸೆಂಟಿಮೀಟರಿಗೆ ಸುಮಾರು ಹತ್ತು ಲಕ್ಷ ಕೋಟಿ ಎಲೆಕ್ಟ್ರಾನುಗಳು ಅಡೆತಡೆಯಿಲ್ಲದೆ ಓಡುತ್ತವೆ. ಈ ಹಾಳೆಯನ್ನು ಬಳಸಿಕೊಂಡ ಗ್ಯಾನ್ ಟ್ರಾನ್ಸಿಸ್ಟರನ್ನು ಆಸಿಫ್ ಖಾನ್ ಮತ್ತು ಸಂಗಡಿಗರು 1993ರಲ್ಲಿ ಅಮೆರಿಕದಲ್ಲಿ ಮಾಡಿ ತೋರಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯಲ್ಲಿ ಭಾರತ ಮೂಲದ ಉಮೇಶ್ ಮಿಶ್ರಾ ಅದರ ಭೌತವಿಜ್ಞಾನವನ್ನು ಬಿಡಿಸಿ, ಅದನ್ನು ಪ್ರಯೋಗಾಲಯದ ಆಚೆಗೆ ತರಲು ದಶಕಗಳ ಕಾಲ ದುಡಿದರು. 2007ರಲ್ಲಿ ಅವರು ಪ್ರಿಮಿತ್ ಪಾರಿಖ್ ಜೊತೆ ಕಟ್ಟಿದ ಟ್ರಾನ್ಸ್‌ಫಾರ್ಮ್ ಎಂಬ ಕಂಪನಿಯನ್ನು 2024ರಲ್ಲಿ ಜಪಾನಿನ ರೆನೆಸಾಸ್ ಕೊಂಡುಕೊಂಡಿತು.

ಗುಣವೆಲ್ಲ ಇಷ್ಟಿದ್ದೂ ಗ್ಯಾನ್ ಇಷ್ಟು ತಡವಾಗಿ ಬಂದದ್ದೇಕೆ? ಅದರ ಹರಳು ಮಹಾ ಮೊಂಡು. ಸಿಲಿಕಾನನ್ನು ಕರಗಿಸಿ, ಅದರಲ್ಲಿ ಬೀಜದ ಹರಳನ್ನದ್ದಿ ನಿಧಾನವಾಗಿ ಮೇಲೆಳೆದರೆ ಕಂಬದಂಥ ಒಂದೇ ಹರಳು ಸಿಗುತ್ತದೆ. ಗ್ಯಾಲಿಯಂ ನೈಟ್ರೈಡನ್ನು ಸಾಮಾನ್ಯ ಒತ್ತಡದಲ್ಲಿ ಕಾಯಿಸಿದರೆ ಕರಗುವ ಮೊದಲೇ ನೈಟ್ರೋಜನ್ ಬಿಟ್ಟುಕೊಟ್ಟು ಒಡೆದುಹೋಗುತ್ತದೆ. ಆದ್ದರಿಂದ ಬೇರೆ ಯಾವುದೋ ಪದಾರ್ಥದ ತೆಳು ಬಿಲ್ಲೆಯ (ವೇಫರ್) ಮೇಲೆ, ಸಾವಿರ ಡಿಗ್ರಿಯ ಕುಲುಮೆಯಲ್ಲಿ ಅಮೋನಿಯಾ ಮತ್ತು ಗ್ಯಾಲಿಯಂ ಇರುವ ಅನಿಲಗಳನ್ನು ಹಾಯಿಸಿ, ಪದರ ಪದರವಾಗಿ ಅದನ್ನು ಬೆಳೆಸಬೇಕು. ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಹರ್ಬರ್ಟ್ ಮರುಸ್ಕಾ ಅರವತ್ತರ ದಶಕದ ಕೊನೆಗೇ ಇದಕ್ಕೆ ಕೈಹಾಕಿದ್ದರು. ಗೋಡೆಗೆ ನೇತುಹಾಕುವ ಚಪ್ಪಟೆ ಟಿವಿಗೆ ನೀಲಿ ಬೆಳಕು ಬೇಕಿತ್ತು. ಕೆಂಪು ಎಲ್‌ಇಡಿ ಆಗಲೇ ಸಿದ್ಧವಿತ್ತು, ಹಸಿರಿನ ದಾರಿಯೂ ಕಾಣುತ್ತಿತ್ತು, ನೀಲಿ ಮಾತ್ರ ಕೈಗೆ ಸಿಗುತ್ತಿರಲಿಲ್ಲ. 1972ರಲ್ಲಿ ಮಂಕು ನೇರಳೆ ಬೆಳಕು ಬಂತು. ಸ್ವಲ್ಪ ಸಮಯದಲ್ಲೇ ಕಂಪನಿ ಆ ಕೆಲಸವನ್ನು ಕೈಬಿಟ್ಟಿತು.

ಹಟ ಬಿಡದವರು ಜಪಾನಿನ ಮೂವರು. ನಗೋಯಾ ವಿಶ್ವವಿದ್ಯಾಲಯದ ಇಸಾಮು ಅಕಸಾಕಿ ಮತ್ತು ಅವರ ವಿದ್ಯಾರ್ಥಿ ಹಿರೋಶಿ ಅಮಾನೊ 1986ರಲ್ಲಿ ನೀಲಮಣಿಯ ಬಿಲ್ಲೆಯ ಮೇಲೆ ಮೊದಲು ಅಲ್ಯುಮಿನಿಯಂ ನೈಟ್ರೈಡಿನ ತೆಳು ಹಾಸು ಹಾಕಿ, ಅದರ ಮೇಲೆ ಒಳ್ಳೆಯ ಗ್ಯಾನ್ ಹರಳು ಬೆಳೆಸಿದರು. ಅತ್ತ ತೊಕುಶಿಮಾ ಪ್ರಾಂತ್ಯದ ನಿಚಿಯಾ ಎಂಬ, ಹೊರಗೆ ಅಷ್ಟೇನೂ ಹೆಸರಿಲ್ಲದ ಕಂಪನಿಯಲ್ಲಿ ಶುಜಿ ನಕಾಮುರಾ ಒಬ್ಬರೇ ಗುದ್ದಾಡುತ್ತಿದ್ದರು. ಆಗ ನೀಲಿ ಬೆಳಕಿನ ಬೆನ್ನುಹತ್ತಿದವರಲ್ಲಿ ಹೆಚ್ಚಿನವರು ಜಿಂಕ್ ಸೆಲೆನೈಡ್ ಹಿಡಿದಿದ್ದರು. ನಕಾಮುರಾ ಗ್ಯಾನ್ ಆರಿಸಿಕೊಂಡದ್ದಕ್ಕೆ ಅವರೇ ಹೇಳಿಕೊಂಡಿರುವ ಕಾರಣ ತಮಾಷೆಯಾಗಿದೆ: ಪಿಎಚ್‌.ಡಿ.ಗೆ ಪ್ರಬಂಧಗಳು ಬೇಕಿದ್ದವು, ಜನ ಕಡಿಮೆ ಇರುವ ಕಡೆ ಹೋದರೆ ಪ್ರಕಟಿಸುವುದು ಸುಲಭ! ಕಂಪನಿಯ ಸ್ಥಾಪಕ ನೊಬುವೊ ಒಗಾವಾ ದುಡ್ಡು ಕೊಟ್ಟರು. ಆಮೇಲೆ ಬಂದ ಮುಖ್ಯಸ್ಥರು ನಿಲ್ಲಿಸಿ ಎಂದರೂ ನಕಾಮುರಾ ಕಿವಿಗೆ ಹಾಕಿಕೊಳ್ಳಲಿಲ್ಲ. ಕುಲುಮೆಯನ್ನು ತಾವೇ ಬಿಚ್ಚಿ ಜೋಡಿಸಿ, ಅನಿಲ ಹರಿಯುವ ಬಗೆಯನ್ನೇ ಬದಲಿಸಿದರು. 1993ರಲ್ಲಿ ನಿಚಿಯಾ ಪ್ರಖರ ನೀಲಿ ಎಲ್‌ಇಡಿಯನ್ನು ಲೋಕಕ್ಕೆ ತೋರಿಸಿತು. ಈ ಶೋಧಕ್ಕೆ ಕಂಪನಿ ಅವರಿಗೆ ಕೊಟ್ಟ ಬಹುಮಾನ 20 ಸಾವಿರ ಯೆನ್. ನಕಾಮುರಾ ಕೋರ್ಟಿಗೆ ಹೋದರು. 2004ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ 20 ಶತಕೋಟಿ ಯೆನ್ ಕೊಡಿ ಎಂದಿತು, ಮರುವರ್ಷ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. 2014ರಲ್ಲಿ ಮೂವರಿಗೂ ಭೌತವಿಜ್ಞಾನದ ನೊಬೆಲ್ ಬಂತು. ನಮ್ಮ ಮನೆಗಳ ಬಿಳಿ ಎಲ್‌ಇಡಿ ಬಲ್ಬಿನೊಳಗೆ ಇರುವುದು ಆ ನೀಲಿ ಬೆಳಕೇ. ಮೇಲಿನ ಹಳದಿ ಲೇಪ ಅದನ್ನು ಬಿಳಿಯಾಗಿ ತೋರಿಸುತ್ತದೆ.

ಬೆಳಕಿನ ವ್ಯಾಪಾರದಿಂದಲೇ ಗ್ಯಾನ್ ಬೆಳೆಸುವ ಕುಲುಮೆಗಳು, ಪರಿಣತಿ, ಅನಿಲ ಪೂರೈಕೆ ಎಲ್ಲವೂ ಊರ್ಜಿತವಾದವು. ಸ್ವಿಚ್ ಮಾಡುವವರು ಸೊನ್ನೆಯಿಂದ ಆರಂಭಿಸಬೇಕಾಗಲಿಲ್ಲ. ಆದರೆ ಅವರಿಗೆ ಬೇರೆಯದೇ ಕಷ್ಟ. ನೀಲಮಣಿಯ ಬಿಲ್ಲೆ ಸಣ್ಣದು, ಶಾಖವನ್ನು ಸರಿಯಾಗಿ ಹೊರಹಾಕದು. ಅಗ್ಗಕ್ಕೆ, ದೊಡ್ಡ ಗಾತ್ರದಲ್ಲಿ ಸಿಗುವುದು ಸಿಲಿಕಾನ್ ಬಿಲ್ಲೆ. ಅದರ ಮೇಲೆ ಗ್ಯಾನ್ ಬೆಳೆಸಹೊರಟರೆ ಎರಡೂ ಹರಳುಗಳ ಪರಮಾಣುಗಳ ಅಂತರ ಸುಮಾರು ಶೇ 17ರಷ್ಟು ಹೊಂದುವುದಿಲ್ಲ. ಸಾಲದ್ದಕ್ಕೆ, ಕುಲುಮೆಯಿಂದ ತೆಗೆದು ತಣಿಸುವಾಗ ಗ್ಯಾನ್ ಪದರ ಸಿಲಿಕಾನಿಗಿಂತ ಎರಡು ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. ಬಿಲ್ಲೆ ಬಾಗುತ್ತದೆ, ಪದರ ಬಿರುಕು ಬಿಡುತ್ತದೆ. ನಡುವೆ ಅಲ್ಯುಮಿನಿಯಂ ಪ್ರಮಾಣ ಬದಲಾಗುತ್ತಾ ಹೋಗುವ ಹಲವು ಪದರಗಳನ್ನು ಹಾಕಿ ಈ ಎಳೆತವನ್ನು ಮೊದಲೇ ಸರಿದೂಗಿಸುವುದು ಒಂದು ವಿದ್ಯೆ. ಅದನ್ನು ಯಾವ ಕಂಪನಿಯೂ ಪುಕ್ಕಟೆ ಹೇಳಿಕೊಡುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಕಥೆಗೆ ಬರುವುದು ಇಲ್ಲಿ. ಅಲ್ಲಿನ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಶ್ರೀನಿವಾಸನ್ ರಾಘವನ್ ಮತ್ತು ತಂಡದವರು ಸಿಲಿಕಾನ್ ಮೇಲೆ ಬಿರುಕಿಲ್ಲದ ಗ್ಯಾನ್ ಬೆಳೆಸುವುದನ್ನು ವರ್ಷಗಟ್ಟಲೆ ಪಟ್ಟುಹಿಡಿದು ಪಳಗಿಸಿಕೊಂಡರು. ಪದಾರ್ಥ ಬೆಳೆಸುವವರು ಒಂದು ಕಡೆ, ಟ್ರಾನ್ಸಿಸ್ಟರ್ ಮಾಡುವವರು ಇನ್ನೊಂದು ಕಡೆ, ಸರ್ಕ್ಯೂಟ್ ಕಟ್ಟುವವರು ಮತ್ತೊಂದು ಕಡೆ ಇರುವುದು ನಮ್ಮ ಸಂಸ್ಥೆಗಳ ಹಳೆಯ ರೋಗ. ಇಲ್ಲಿ ಎಸ್‌.ಎ. ಶಿವಶಂಕರ್, ನವಕಾಂತ ಭಟ್, ಮಯಾಂಕ್ ಶ್ರೀವಾಸ್ತವ, ದಿಗ್ಬಿಜಯ್ ನಾಥ್ ಮುಂತಾದವರು ಒಂದೇ ಆವರಣದಲ್ಲಿ ಸೇರಿ ಕೆಲಸ ಮಾಡಿದ್ದು ಗಮನಿಸಬೇಕಾದ ಸಂಗತಿ.

ಅವರ ಮುಂದಿದ್ದ ಇನ್ನೊಂದು ತೊಡಕು ಸುರಕ್ಷತೆಯದು. ತಾನಾಗಿ ರೂಪುಗೊಳ್ಳುವ ಎಲೆಕ್ಟ್ರಾನ್ ಹಾಳೆಯಿಂದಾಗಿ ಗ್ಯಾನ್ ಟ್ರಾನ್ಸಿಸ್ಟರ್ ಸುಮ್ಮನಿದ್ದಾಗಲೂ ‘ಆನ್’ ಆಗಿರುತ್ತದೆ. ನಿಲ್ಲಿಸಬೇಕೆಂದರೆ ಹೊರಗಿನಿಂದ ವೋಲ್ಟೇಜ್ ಕೊಡಬೇಕು. ನಿಯಂತ್ರಣದ ಸರ್ಕ್ಯೂಟ್ ಕೆಟ್ಟುಹೋದ ಗಳಿಗೆಯಲ್ಲಿ ಸ್ವಿಚ್ ‘ಆನ್’ ಆಗಿಯೇ ಉಳಿದರೆ ಚಾರ್ಜರ್ ಸುಟ್ಟೀತು, ಎಲೆಕ್ಟ್ರಿಕ್ ವಾಹನದಲ್ಲಾದರೆ ಅಪಾಯ ಇನ್ನೂ ದೊಡ್ಡದು. ಸುಮ್ಮನಿದ್ದಾಗ ‘ಆಫ್’ ಆಗಿರುವ ಗ್ಯಾನ್ ಸ್ವಿಚ್ ಬೇಕು. ಪ್ರಪಂಚದ ಕಂಪನಿಗಳು ಇದಕ್ಕೆ ನಾನಾ ಉಪಾಯ ಹೂಡಿವೆ, ಗ್ಯಾನ್ ಜೊತೆಗೆ ಕಾವಲಿಗೊಂದು ಸಿಲಿಕಾನ್ ಟ್ರಾನ್ಸಿಸ್ಟರನ್ನು ಜೋಡಿಸುವುದೂ ಅದರಲ್ಲೊಂದು. ವಿಜ್ಞಾನ ಸಂಸ್ಥೆಯ ತಂಡ 2021ರಲ್ಲಿ ಪ್ರಕಟಿಸಿದ್ದು, ಪೂರ್ತಿ ಇಲ್ಲೇ ಬೆಳೆಸಿ, ಇಲ್ಲೇ ಮಾಡಿದ, ಸುಮ್ಮನಿದ್ದಾಗ ಆಫ್ ಆಗಿರುವ ಸ್ವಿಚ್ಚನ್ನು. ಅಲ್ಯುಮಿನಿಯಂ ಮತ್ತು ಟೈಟಾನಿಯಂ ಕೂಡಿದ ಆಕ್ಸೈಡ್ ಪದರವನ್ನು ಅದರ ಗೇಟಿನಲ್ಲಿ, ಅಂದರೆ ಸ್ವಿಚ್ಚನ್ನು ನಿಯಂತ್ರಿಸುವ ತುದಿಯಲ್ಲಿ, ಬಳಸಲಾಗಿತ್ತು. ಸಂಸ್ಥೆಯ ಸಂಶೋಧಕರೇ ಹುಟ್ಟುಹಾಕಿದ ಆ್ಯಗ್ನಿಟ್ ಸೆಮಿಕಂಡಕ್ಟರ್ಸ್ ಈಗ ಈ ಜ್ಞಾನವನ್ನು ಮಾರುಕಟ್ಟೆಗೆ ತರಲು ಹೊರಟಿದೆ.

ಗ್ಯಾನ್ ಬರೀ ಚಾರ್ಜರಿನ ವಿಷಯವಾಗಿದ್ದರೆ ರಕ್ಷಣಾ ಇಲಾಖೆಗಳು ಇದರ ಬೆನ್ನು ಬೀಳುತ್ತಿರಲಿಲ್ಲ. ರೇಡಾರ್ ಅಲೆಗಳನ್ನು ಹೆಚ್ಚು ಬಲದಿಂದ ಹೊರಚಿಮ್ಮಿಸಲೂ ಇದೇ ಟ್ರಾನ್ಸಿಸ್ಟರ್ ಬೇಕು. ಅಂಥ ಬಿಡಿಭಾಗಗಳನ್ನು ಕೊಡುವಾಗ ಯಾವ ದೇಶವೂ ಹತ್ತು ಸಲ ಯೋಚಿಸುತ್ತದೆ. ಡಿಆರ್‌ಡಿಒ ಅಂಗಸಂಸ್ಥೆಯಾದ ದೆಹಲಿಯ ಸಾಲಿಡ್ ಸ್ಟೇಟ್ ಫಿಸಿಕ್ಸ್ ಲ್ಯಾಬೊರೇಟರಿ 150 ವಾಟ್‌ವರೆಗಿನ ಗ್ಯಾನ್ ಟ್ರಾನ್ಸಿಸ್ಟರ್ ಮಾಡುವ ವಿಧಾನವನ್ನು ತಾನೇ ರೂಪಿಸಿಕೊಂಡಿರುವುದಾಗಿ 2024ರಲ್ಲಿ ಸರ್ಕಾರ ತಿಳಿಸಿತು.

ವ್ಯಾಪಾರದ ಅಂಗಳದಲ್ಲಿ ಏಳುಬೀಳು ಜೋರಾಗಿದೆ. ಅಲೆಕ್ಸ್ ಲಿಡೋ ಎಂಬವರು ಎಪ್ಪತ್ತರ ದಶಕದಲ್ಲಿ ಸಿಲಿಕಾನಿನ ಪವರ್ ಮಾಸ್‌ಫೆಟ್ ಎಂಬ ಸ್ವಿಚ್ಚನ್ನು ರೂಪಿಸಿದವರಲ್ಲಿ ಒಬ್ಬರು. ಇವತ್ತಿಗೂ ಲೋಕದ ಚಾರ್ಜರು, ಇನ್ವರ್ಟರುಗಳಲ್ಲಿ ದುಡಿಯುವುದು ಅದರ ಸಂತತಿಯೇ. ಅದೇ ಮನುಷ್ಯ 2007ರಲ್ಲಿ ಇಪಿಸಿ ಎಂಬ ಕಂಪನಿ ಕಟ್ಟಿ, ಸಿಲಿಕಾನಿನ ಕಾಲ ಮುಗಿಯಿತು, ಇನ್ನು ಗ್ಯಾನ್ ಎಂದು ಸಾರುತ್ತಾ ಬಂದರು. ಬೆಲ್ಜಿಯಂ ತಂಡದ ಇನ್ವರ್ಟರಿಗೆ ಟ್ರಾನ್ಸಿಸ್ಟರ್ ಕೊಟ್ಟ ಕೆನಡಾದ ಗ್ಯಾನ್ ಸಿಸ್ಟಮ್ಸ್ ಕಂಪನಿಯನ್ನು ಜರ್ಮನಿಯ ಇನ್‌ಫಿನಿಯಾನ್ 2023ರಲ್ಲಿ 83 ಕೋಟಿ ಡಾಲರಿಗೆ ಕೊಂಡಿತು. 2024ರಲ್ಲಿ ಅದೇ ಇನ್‌ಫಿನಿಯಾನ್ 300 ಮಿಲಿಮೀಟರ್ ಅಗಲದ ಬಿಲ್ಲೆಯ ಮೇಲೆ ಪವರ್ ಗ್ಯಾನ್ ಮಾಡಿ ತೋರಿಸಿತು. ಬಿಲ್ಲೆ ದೊಡ್ಡದಾದರೆ ಒಂದೇ ಸಲಕ್ಕೆ ಹೆಚ್ಚು ಚಿಪ್ಪು ಸಿಗುತ್ತವೆ, ಬೆಲೆ ಇಳಿಯುತ್ತದೆ. ಆ ವರ್ಷದ ಡಿಸೆಂಬರಿನಲ್ಲಿ ಚೀನಾದ ಇನ್ನೊಸೈನ್ಸ್ ಹಾಂಗ್‌ಕಾಂಗ್ ಷೇರುಪೇಟೆಗೆ ಬಂತು. ಎಲ್ಲರನ್ನೂ ಬೆರಗುಗೊಳಿಸಿದ್ದು ತೈವಾನಿನ ಟಿಎಸ್‌ಎಂಸಿ. ಚಿಪ್ ತಯಾರಿಕೆಯ ಈ ದೈತ್ಯ 2027ರ ಜುಲೈ ಹೊತ್ತಿಗೆ ಗ್ಯಾನ್ ವ್ಯವಹಾರದಿಂದ ಹೊರಹೋಗುವುದಾಗಿ 2025ರಲ್ಲಿ ಹೇಳಿಬಿಟ್ಟಿತು. ಗ್ಯಾನಿನ ದಾಯಾದಿ ಸಿಲಿಕಾನ್ ಕಾರ್ಬೈಡಿನ ಪ್ರಮುಖ ಉತ್ಪಾದಕ, ಅಮೆರಿಕದ ವೂಲ್ಫ್‌ಸ್ಪೀಡ್ ಅದೇ ವರ್ಷ ದಿವಾಳಿ ರಕ್ಷಣೆ ಕೋರಿತು. ಒಳ್ಳೆಯ ಪದಾರ್ಥ ಎಂದ ಮಾತ್ರಕ್ಕೆ ಲಾಭದ ಖಾತ್ರಿಯೇನೂ ಇಲ್ಲ.

ಬೇಡಿಕೆ ಮಾತ್ರ ಇಳಿಯುವ ಲಕ್ಷಣವಿಲ್ಲ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಲ್ಲಿ ಕಂಪ್ಯೂಟರುಗಳ ಒಂದು ಕಪಾಟೇ ಮುಂದೆ ಒಂದು ಮೆಗಾವಾಟ್ ವಿದ್ಯುತ್ ಕುಡಿಯಲಿದೆ ಎಂದು ಎನ್ವಿಡಿಯಾ ಲೆಕ್ಕ ಹಾಕಿದೆ. ಈಗಿನಂತೆ 54 ವೋಲ್ಟಿನಲ್ಲೇ ಅಷ್ಟನ್ನು ಹರಿಸಬೇಕಾದರೆ ಒಂದು ಕಪಾಟಿಗೆ 200 ಕಿಲೋವರೆಗೆ ತಾಮ್ರದ ಪಟ್ಟಿ ಬೇಕಾಗುತ್ತದಂತೆ. ಹಾಗಾಗಿ 800 ವೋಲ್ಟಿನ ನೇರ ವಿದ್ಯುತ್ತಿಗೆ ಹೋಗುವ ಯೋಜನೆಯನ್ನು ಅದು 2025ರಲ್ಲಿ ಪ್ರಕಟಿಸಿತು. ಆ 800 ವೋಲ್ಟನ್ನು ಚಿಪ್ಪಿನ ಹತ್ತಿರ ಕಿರಿದಾದ ಜಾಗದಲ್ಲಿ, ಬಿಸಿಯಾಗದೆ ಇಳಿಸಬೇಕು. ಗ್ಯಾನ್ ತಯಾರಕರು ಈ ಯೋಜನೆಯ ಸುತ್ತ ಮುತ್ತಿಕೊಂಡಿರುವುದಕ್ಕೆ ಕಾರಣ ಇದೇ.

ಇನ್ನು ಗ್ಯಾಲಿಯಂ. ಕೋಣೆಯ ತಾಪಕ್ಕಿಂತ ಸ್ವಲ್ಪವೇ ಮೇಲೆ, 29.8 ಡಿಗ್ರಿಗೆ ಕರಗುವ ಈ ಲೋಹ ಅಂಗೈಯಲ್ಲಿಟ್ಟರೆ ನೀರಾಗುತ್ತದೆ. ಅದಕ್ಕೆಂದೇ ಗಣಿ ತೋಡುವವರಿಲ್ಲ. ಅಲ್ಯುಮಿನಿಯಂ ಅದಿರಾದ ಬಾಕ್ಸೈಟಿನಲ್ಲಿ ಟನ್ನಿಗೆ ಸರಾಸರಿ 50 ಗ್ರಾಂನಷ್ಟು ಇರುವ ಇದನ್ನು ಅಲ್ಯುಮಿನಾ ಕಾರ್ಖಾನೆಯ ದ್ರಾವಣದಿಂದ ಉಪಉತ್ಪನ್ನವಾಗಿ ತೆಗೆಯುತ್ತಾರೆ. ಜಗತ್ತಿನ ಪ್ರಾಥಮಿಕ ಗ್ಯಾಲಿಯಂನಲ್ಲಿ ಶೇ 98ರಷ್ಟು ಚೀನಾದ್ದು. 2023ರ ಆಗಸ್ಟಿನಿಂದ ಚೀನಾ ಅದರ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು, 2024ರ ಡಿಸೆಂಬರಿನಲ್ಲಿ ಅಮೆರಿಕಕ್ಕೆ ಪೂರೈಕೆಯನ್ನೇ ನಿಷೇಧಿಸಿತು, 2025ರ ಕೊನೆಗೆ ಆ ನಿಷೇಧವನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ಭಾರತದ 2023ರ ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಗ್ಯಾಲಿಯಂ ಇದೆ. ಬೆಳಗಾವಿಯಲ್ಲಿ ಹಿಂಡಾಲ್ಕೊ ಅಲ್ಯುಮಿನಾ ಕಾರ್ಖಾನೆಯಿದೆ, ಒಡಿಶಾದಲ್ಲಿ ನಾಲ್ಕೊದ್ದಿದೆ. ಕಚ್ಚಾವಸ್ತು ನಮ್ಮ ಕೈಗೆಟುಕದ್ದೇನಲ್ಲ.

ದುಡ್ಡಿನ ಲೆಕ್ಕ ನೋಡಿದರೆ ಚಿತ್ರ ಬೇರೆ. 2024ರಲ್ಲಿ ಆ್ಯಗ್ನಿಟ್ ಎತ್ತಿದ ಬಂಡವಾಳ 35 ಲಕ್ಷ ಡಾಲರ್. ಇನ್‌ಫಿನಿಯಾನ್ ಒಂದೇ ಒಂದು ಕಂಪನಿ ಕೊಳ್ಳಲು ಸುರಿದದ್ದು ಅದರ ಇನ್ನೂರು ಪಟ್ಟಿಗೂ ಹೆಚ್ಚು. ಗ್ಯಾನ್ ಸ್ವಿಚ್ಚಿಗೆ ಎರಡು ನ್ಯಾನೊಮೀಟರ್ ಚಿಪ್ ಮಾಡುವ, ಸಾವಿರಾರು ಕೋಟಿಯ ಯಂತ್ರಗಳು ಬೇಕಿಲ್ಲ. ಹಳೆಯ ತಲೆಮಾರಿನ ಸಲಕರಣೆ ಸಾಕು. ಪ್ರೊಸೆಸರ್ ಓಟದಲ್ಲಿ ತೈವಾನನ್ನೋ ಕೊರಿಯಾವನ್ನೋ ಹಿಡಿಯುವುದು ನಮಗೆ ಬಹುದೂರದ ಮಾತು. ಇಲ್ಲಿ ಹಾಗಲ್ಲ. ಹರಳು ಬೆಳೆಸಬಲ್ಲವರು ಬೆಂಗಳೂರಿನಲ್ಲೇ ಇದ್ದಾರೆ, ಕೊಳ್ಳುವ ಮಾರುಕಟ್ಟೆ ಮನೆಬಾಗಿಲಲ್ಲೇ ಇದೆ, ದೊಡ್ಡ ಉತ್ಪಾದಕನೊಬ್ಬ ಜಾಗ ಖಾಲಿ ಮಾಡುತ್ತಿದ್ದಾನೆ. 2025ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಭುವನೇಶ್ವರದಲ್ಲಿ ಸಿಲಿಕಾನ್ ಕಾರ್ಬೈಡ್ ಕಾರ್ಖಾನೆಗೆ ಒಪ್ಪಿಗೆ ಕೊಟ್ಟಿದೆ, ವರ್ಷಕ್ಕೆ 60 ಸಾವಿರ ಬಿಲ್ಲೆಗಳ ಸಾಮರ್ಥ್ಯದ್ದು. ಅದೇ ಧೈರ್ಯವನ್ನು ಗ್ಯಾನ್ ಕಾರ್ಖಾನೆಗೂ ತೋರಿಸಬೇಕು. ಅದಕ್ಕೆ ಕರ್ನಾಟಕ ಸರ್ಕಾರ ಈಗಲೇ ಜಾಗ, ನೀರು, ಕರೆಂಟು ಹೊಂದಿಸಿ ಮುಂದೆ ಬರಬೇಕು.